ಲಂಡನ್‌ನಲ್ಲಿ ಸ್ಟಾಲ್ಸ್ ಅಂದ್ರೆ ನಮ್ಮ ಗಾಂಧಿ ಕ್ಲಾಸ್ ಅಲ್ಲ

ಲಂಡನ್, ನ್ಯೂಯಾರ್ಕಲ್ಲಿ ಅಮ್ಮನ ಜೊತೆ ನಾಟಕ ನೋಡೋಕೆ ನೀವು ಟಿಕೆಟ್ ಹುಡುಕ್ತಿರೋ ಸೈಟ್ ತಪ್ಪಿಲ್ಲ. ಅದ್ರಲ್ಲಿ ಸ್ಟಾಲ್ಸ್ (ರಂಗದ ಎದುರಿನ ಕೆಳಗಿನ ಸೀಟುಗಳು) ಬಾಲ್ಕನಿಗಿಂತ ದುಬಾರಿ ಯಾಕೆ ಅಂತ ಕೇಳಿದೀರಲ್ಲ, ನೀವು ಬಹುಶಃ ಮೆಜೆಸ್ಟಿಕ್ ಕಡೆ ಸಿನಿಮಾ ಥಿಯೇಟರ್ ಲೆಕ್ಕದಲ್ಲಿ ನೋಡ್ತಿದೀರ, ಇಲ್ಲಿ ಬಾಲ್ಕನಿಗೆ ಜಾಸ್ತಿ ರೇಟು ಕೆಳಗಡೆ ಕಮ್ಮಿ, ಆದ್ರೆ ನಾಟಕದಲ್ಲಿ ನಟರ ಮುಖ ಹತ್ತಿರದಿಂದ ಕಾಣೋದಕ್ಕೇ ದುಡ್ಡು.

ಮೊದ್ಲು ನೀವು ಹೋಗೋ ಥಿಯೇಟರಿನ ಸೀಟ್ ಪ್ಲಾನ್ ತೆಗೀರಿ. ಲಂಡನ್‌ನಲ್ಲಿ ಸ್ಟಾಲ್ಸ್ ಅಂದ್ರೆ ಎಲ್ಲಕ್ಕಿಂತ ಕೆಳಗಿನ ಅಂತಸ್ತು, ಅದ್ರ ಮೇಲೆ ಡ್ರೆಸ್ ಸರ್ಕಲ್ (ಕೆಲವು ಕಡೆ ರಾಯಲ್ ಸರ್ಕಲ್ ಅಂತಾರೆ), ಆಮೇಲೆ ಅಪ್ಪರ್ ಸರ್ಕಲ್, ತುದೀಲಿ ಬಾಲ್ಕನಿ, ಅದು ತುಂಬಾ ಎತ್ತರ ಕಡಿದಾದ ಮೆಟ್ಟಿಲು, ಅಮ್ಮನಿಗೆ ಮಂಡಿನೋವು ಅಂದಿದೀರಲ್ಲ, ದಯವಿಟ್ಟು ಅಲ್ಲಿಗೆ ಹತ್ತಿಸ್ಬೇಡಿ. ನ್ಯೂಯಾರ್ಕಲ್ಲಿ ನೆಲಮಟ್ಟಕ್ಕೆ ಆರ್ಕೆಸ್ಟ್ರಾ ಅಂತಾರೆ, ವಾದ್ಯದವರು ಕೂರೋ ಜಾಗ ಅಲ್ಲ ಅದು, ಮೇಲಿನದು ಮೆಝನೈನ್.

ಆಮೇಲೆ ರಿಸ್ಟ್ರಿಕ್ಟೆಡ್ ವ್ಯೂ ಅಂತಿದ್ರೆ ಮುಂದೆ ಕಂಬಾನೋ ಕಂಬೀನೋ ಅಡ್ಡ ಬರುತ್ತೆ ಅಂತ ಅರ್ಥ. ಸ್ಟಾಲ್ಸ್‌ನ ತೀರಾ ಹಿಂದಿನ ಸಾಲೂ ಬೇಡ, ಮೇಲಿನ ಅಂತಸ್ತು ಚಾಚ್ಕೊಂಡಿರೋದ್ರಿಂದ ರಂಗದ ಮೇಲ್ಭಾಗ ಕಾಣಲ್ಲ. ನನ್ನ ಕೇಳಿದ್ರೆ ಡ್ರೆಸ್ ಸರ್ಕಲ್ ಮುಂದಿನ ಸಾಲುಗಳ ಮಧ್ಯ ತಗೊಳ್ಳಿ, ಲಿಫ್ಟ್ ಇದ್ಯಾ ಅಂತ ಬಾಕ್ಸ್ ಆಫೀಸಿಗೆ (ಥಿಯೇಟರಿನ ಟಿಕೆಟ್ ಕೌಂಟರ್) ಮೇಲ್ ಮಾಡಿ ಕೇಳಿ, ಹಳೇ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರಲ್ಲ, ಇಲ್ಲ ಅಂದ್ರೆ ಸ್ಟಾಲ್ಸ್ ನಡುವಿನ ಸಾಲೇ ಸರಿ.

ಬ್ರಾಡ್‌ವೇ (ನ್ಯೂಯಾರ್ಕಿನ ದೊಡ್ಡ ನಾಟಕ ಥಿಯೇಟರುಗಳು) ಬುಕ್ ಮಾಡುವಾಗ ಇನ್ನೊಂದು, ಅಲ್ಲಿ ಸಾಮಾನ್ಯವಾಗಿ ಬೆಸ ಸಂಖ್ಯೆ ಒಂದು ಪಕ್ಕ ಸಮ ಸಂಖ್ಯೆ ಇನ್ನೊಂದು ಪಕ್ಕ, ಮಧ್ಯದ ಸೀಟು 101ರಿಂದ ಶುರು. ಹಂಗಾಗಿ 1, 3 ಅಕ್ಕಪಕ್ಕ, 1 ಮತ್ತು 2 ತಗೊಂಡ್ರೆ ಅಮ್ಮ ಒಂದು ಕಡೆ ನೀವೊಂದು ಕಡೆ.