ಕೈ ಆಡದವರಿಗೆ ಕಂಪ್ಯೂಟರ್: ಯಾವ ಸಾಧನ ಮೊದಲು?

ಪ್ರಶ್ನೆ: ನನ್ನ ತಮ್ಮ ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದು, ಕತ್ತಿನ ಭಾಗದ ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕೈಗಳ ಚಲನೆ ಕಳೆದುಕೊಂಡಿದ್ದಾನೆ. ತಲೆ ಆಡಿಸಬಲ್ಲ, ಮಾತು ಸ್ಪಷ್ಟವಾಗಿದೆ. ಲೆಕ್ಕಪತ್ರ ಬರೆಯುವ ಕೆಲಸವನ್ನು ಮನೆಯಿಂದಲೇ ಮಾಡುವ, ಕನ್ನಡದಲ್ಲಿ ಬರೆಯುವ ಆಸೆ ಅವನಿಗಿದೆ. ಕಣ್ಣಿನ ಚಲನೆಯಿಂದ ನಡೆಯುವ ದುಬಾರಿ ಸಾಧನ ಕೊಳ್ಳಿರೆಂದು ಕೆಲವರು ಹೇಳುತ್ತಿದ್ದಾರೆ. ಕೊಳ್ಳಬಹುದೇ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಸದ್ಯಕ್ಕೆ ಬೇಡ. ಐ ಟ್ರ್ಯಾಕರ್ ಎಂಬ ಆ ಸಾಧನವು ಕಣ್ಣಿಗೆ ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಅದರ ಪ್ರತಿಫಲನದಿಂದ ನೋಟ ಎಲ್ಲಿದೆಯೆಂದು ಲೆಕ್ಕ ಹಾಕುತ್ತದೆ. ನೇರ ಬಿಸಿಲು ಬಿದ್ದರೆ ತಡವರಿಸುತ್ತದೆ, ಕೂರುವ ಭಂಗಿ ಬಹಳ ಬದಲಾದರೆ ಮತ್ತೆ ಹೊಂದಿಸಬೇಕಾಗುತ್ತದೆ. ತಲೆಯ ಚಲನೆಯೂ ಮಾತೂ ಕುಂದಿದವರಿಗೆ, ಉದಾಹರಣೆಗೆ ನರಗಳು ಸೋತು ಸ್ನಾಯುಗಳು ಕ್ರಮೇಣ ಬಲಗುಂದುವ ಎಎಲ್‌ಎಸ್ ಕಾಯಿಲೆಯವರಿಗೆ, ಅದು ನಿಜವಾದ ಆಸರೆ. ನಿಮ್ಮ ತಮ್ಮನಿಗೆ ತಲೆ, ಮಾತು ಎರಡೂ ಉಳಿದಿರುವಾಗ ಅವುಗಳಿಂದಲೇ ಆರಂಭಿಸುವುದು ವಿವೇಕ. ಅದಕ್ಕೆ ಬೇಕಾದ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ.

ಅಮೆರಿಕದ ಬಾಸ್ಟನ್ ಕಾಲೇಜಿನಲ್ಲಿ ರೂಪುಗೊಂಡ ಕ್ಯಾಮೆರಾ ಮೌಸ್ ಎಂಬ ತಂತ್ರಾಂಶವು ಸಾಧಾರಣ ವೆಬ್‌ಕ್ಯಾಮ್ ಮೂಲಕ ಮೂಗಿನ ತುದಿಯನ್ನೋ ಹುಬ್ಬುಗಳ ನಡುವಣ ಜಾಗವನ್ನೋ ಹಿಂಬಾಲಿಸಿ, ತಲೆ ತಿರುಗಿದತ್ತ ಕರ್ಸರನ್ನು ಒಯ್ಯುತ್ತದೆ. ಕರ್ಸರ್ ಸರಿಸುವುದನ್ನು ಬೇಗ ಕಲಿಯಬಹುದು. ಕಷ್ಟವಿರುವುದು ಕ್ಲಿಕ್ ಮಾಡುವುದರಲ್ಲಿ. ಒಂದೇ ಕಡೆ ನಿಗದಿತ ಹೊತ್ತು ನಿಂತರೆ ತಾನಾಗಿ ಕ್ಲಿಕ್ ಆಗುವ ವ್ಯವಸ್ಥೆಯಲ್ಲಿ ಆ ಹೊತ್ತು ತೀರ ಕಡಿಮೆಯಿದ್ದರೆ ಬೇಡದ ಕಡೆಯೆಲ್ಲ ಕ್ಲಿಕ್ ಆಗುತ್ತದೆ, ಹೆಚ್ಚಿದ್ದರೆ ಕತ್ತು ಸೋಲುತ್ತದೆ. ಆದ್ದರಿಂದ ಮೊದಲು ನಿಧಾನಕ್ಕೆ ಇಟ್ಟು, ಕೈ ಪಳಗಿದಂತೆ ಎನ್ನುವ ಹಾಗೆ ಕತ್ತು ಪಳಗಿದಂತೆಲ್ಲ ಇಳಿಸುತ್ತ ಬನ್ನಿ.

ಮಾತಿನ ಆಜ್ಞೆಯಿಂದಲೇ ಕಂಪ್ಯೂಟರ್ ನಡೆಸಲು ವಿಂಡೋಸ್ 11ರಲ್ಲಿ 2022ರಿಂದ ಇರುವ ವಾಯ್ಸ್ ಆಕ್ಸೆಸ್ ಇನ್ನೊಂದು ದಾರಿ. ‘ಶೋ ನಂಬರ್ಸ್’ ಎಂದರೆ ಪರದೆಯ ಪ್ರತಿ ಗುಂಡಿಗೂ ಸಂಖ್ಯೆ ಮೂಡುತ್ತದೆ, ಬೇಕಾದ ಸಂಖ್ಯೆ ಹೇಳಿದರೆ ಸಾಕು. ಒಮ್ಮೆ ಇಳಿಸಿಕೊಂಡ ಮೇಲೆ ಇದಕ್ಕೆ ಇಂಟರ್ನೆಟ್ ಬೇಕಿಲ್ಲವಾದ್ದರಿಂದ ಮಳೆಗಾಲದಲ್ಲಿ ಸಂಪರ್ಕ ಹೋಗುವ ಊರುಗಳಿಗೆ ಅನುಕೂಲ. ಭಾರತೀಯ ಇಂಗ್ಲಿಷ್ ಉಚ್ಚಾರಣೆಯ ಆಯ್ಕೆ ಅದರಲ್ಲಿದೆ, ಆದರೆ ಆಜ್ಞೆಗಳನ್ನು ಕನ್ನಡದಲ್ಲಿ ಕೊಡಲಾಗುವುದಿಲ್ಲ.

ಕನ್ನಡ ಬರೆಯಲು ಗೂಗಲ್ ಡಾಕ್ಸ್‌ನ ಧ್ವನಿ ಟೈಪಿಂಗ್ ಬಳಸಿ. ಇದಕ್ಕೆ ಇಂಟರ್ನೆಟ್ ಬೇಕು. ಅದರ ಮೈಕ್ ಗುಂಡಿಯನ್ನು ತಲೆಯಿಂದಲೇ ಒತ್ತುವ ಅಭ್ಯಾಸ ಮಾಡಿಸಿ, ವಾಯ್ಸ್ ಆಕ್ಸೆಸ್ ಅನ್ನು ಆಗ ನಿಲ್ಲಿಸಿಡಿ. ಇಲ್ಲವಾದರೆ ಕನ್ನಡದ ಮಾತನ್ನು ಅದು ಆಜ್ಞೆಯೆಂದು ತಿಳಿದು ತೊಂದರೆ ಕೊಡುತ್ತದೆ. ಕನ್ನಡದಲ್ಲಿ ಅಲ್ಪವಿರಾಮ, ಪೂರ್ಣವಿರಾಮಗಳನ್ನು ಹೇಳಿ ಬರೆಸಲಾಗದು. ಅವನ್ನೂ ಹೆಸರುಗಳ ತಪ್ಪುಗಳನ್ನೂ ಪರದೆಯ ಮೇಲೆಯೇ ಮೂಡುವ ವಿಂಡೋಸಿನ ಆನ್-ಸ್ಕ್ರೀನ್ ಕೀಬೋರ್ಡಿನಲ್ಲಿ ತಿದ್ದಬೇಕು. ಕೀಲಿಯ ಮೇಲೆ ಕರ್ಸರ್ ನಿಂತರೆ ಒತ್ತಿದಂತಾಗುವ ಆಯ್ಕೆ ಅದರಲ್ಲಿದೆ. ಇಡೀ ಬರಹವನ್ನು ಹೀಗೆ ಬರೆಯಲು ಹೊರಡಬೇಡಿ: ಭಾರತೀಯ ಭಾಷೆಗಳಿಗಾಗಿ ಇರುವ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸದಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 6 ಕೀಲಿಗಳು ಬೇಕು. ಬ್ಯಾಂಕಿನ ಪಾಸ್‌ವರ್ಡನ್ನು ಮಾತ್ರ ಈ ಕೀಬೋರ್ಡಿನಲ್ಲಿಯೇ ಹಾಕಲಿ. ಬಂದುಹೋಗುವವರಿರುವ ಜಗಲಿಯಲ್ಲಿ ಕೂತು ಅದನ್ನು ಗಟ್ಟಿಯಾಗಿ ಹೇಳುವುದು ತರವಲ್ಲ.

ಪರದೆ ಕಣ್ಣಿನ ಮಟ್ಟಕ್ಕಿರಲಿ, ತಲೆಗೆ ಒರಗು ಇರಲಿ. ಆರಂಭದಲ್ಲಿ ಕೆಲವೇ ನಿಮಿಷಗಳ ಅಭ್ಯಾಸ ಸಾಕು. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂತರೆ ಒತ್ತಡದ ಹುಣ್ಣಾಗುವ ಅಪಾಯವಿರುವುದರಿಂದ, ಕೂರಿಸುವ ಕ್ರಮವನ್ನು ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ನೆರವಾಗುವ ತಜ್ಞರಾದ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರಿಂದ ತಿಳಿದುಕೊಳ್ಳಿ. ಬೆಂಗಳೂರಿನಲ್ಲಿ 1959ರಿಂದ ಅಂಗವಿಕಲರಿಗಾಗಿ ಕೆಲಸ ಮಾಡುತ್ತಿರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆಯನ್ನೂ ವಿಚಾರಿಸಬಹುದು. ಇಷ್ಟೆಲ್ಲ ಮಾಡಿಯೂ ಕತ್ತಿನ ನೋವು ನಿಲ್ಲದಿದ್ದರೆ ಆಗ ಐ ಟ್ರ್ಯಾಕರ್ ವಿಚಾರಕ್ಕೆ ಬರೋಣ. ಆಗಲೂ ತಮ್ಮ ಕೂರುವ ಜಾಗದಲ್ಲಿಯೇ, ಹಗಲು ಬೆಳಕಿನಲ್ಲಿ, ಅವನ ಕನ್ನಡಕದೊಂದಿಗೇ ಪರೀಕ್ಷಿಸಲು ಕೊಡದ ಮಾರಾಟಗಾರರಿಂದ ಕೊಳ್ಳಬೇಡಿ.