ಹಳಬ ಡಿಫೆನ್ಸಿವ್ ಲೈನ್‌ಮನ್‌ನನ್ನು ಬಿಟ್ಟುಕೊಡಬೇಕಾ, ಜಾಗ ಬದಲಿಸಬೇಕಾ?

ಮೊದಲು ಜಾಗ ಬದಲಿಸಿ, ಅಂದರೆ ಸಾಲಿನ ತುದಿಯಿಂದ ನಡುವಿಗೆ ತಂದು ನೋಡಬೇಕು. ಒಪ್ಪಂದ ಮುಗಿಯುತ್ತಾ ಬಂದು, ಹೊಸ ಸಂಬಳ ಕೊಡೋಕೆ ಆಗಲ್ಲ ಅಂತ ಗೊತ್ತಿದ್ದರೆ ಮಾತ್ರ ಬೇರೆ ತಂಡಕ್ಕೆ ಕೊಡುವುದು ಸರಿ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಈತನ ಕೆಲಸ ಎದುರು ಸಾಲನ್ನು ಭೇದಿಸಿ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನತ್ತ ನುಗ್ಗುವುದು. ವಯಸ್ಸಾದಂತೆ ಮೊದಲು ಕಡಿಮೆಯಾಗುವುದು ಕಾಲಿನ ಚುರುಕು. ಕೈಬಲ ಜಾಸ್ತಿ ದಿನ ಉಳಿಯುತ್ತದೆ. ಸಾಲಿನ ತುದಿಯಲ್ಲಿ ನಿಂತವನು ಎದುರಾಳಿಯನ್ನು ಸುತ್ತಿ ಬಳಸಿ ಓಡಬೇಕು. ನಡುವೆ ನಿಂತವನಿಗೆ ದಾರಿ ಚಿಕ್ಕದು. ಅಲ್ಲಿ ಎದೆಗೆ ಅಂಗೈ ಊರಿ, ಸೊಂಟ ತಗ್ಗಿಸಿ ತಳ್ಳುವ ಕಸುಬೇ ಮುಖ್ಯ. ಅದು ಅನುಭವದಿಂದ ಬರುವಂಥದ್ದು, ಅಲ್ವಾ?

ಡಿಫೆನ್ಸಿವ್ ಲೈನ್‌ಮನ್ ರಿಚರ್ಡ್ ಸೀಮೋರ್ ವಿಷಯದಲ್ಲಿ ಎರಡೂ ಆಯಿತು. 2009ರ ಸೆಪ್ಟೆಂಬರ್‌ನಲ್ಲಿ, ಒಪ್ಪಂದದ ಕೊನೆಯ ವರ್ಷದಲ್ಲಿ, ಪೇಟ್ರಿಯಟ್ಸ್ ತಂಡ ಆತನನ್ನು ರೈಡರ್ಸ್‌ಗೆ ಕೊಟ್ಟಿತು. ಆಗ ಆತನಿಗೆ 29. ಬದಲಿಗೆ ಸಿಕ್ಕಿದ್ದು 2011ರ ಡ್ರಾಫ್ಟ್‌ನಲ್ಲಿ, ಅಂದರೆ ಹೊಸಬರನ್ನು ಆರಿಸುವ ಸರದಿಯಲ್ಲಿ, ಮೊದಲ ಸುತ್ತಿನ ಒಂದು ಆಯ್ಕೆ. ಅದರಿಂದ ನೇಟ್ ಸೋಲ್ಡರ್ ಬಂದ, ವರ್ಷಗಟ್ಟಲೆ ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಂತ. ಅತ್ತ ರೈಡರ್ಸ್ ಸೀಮೋರ್‌ನನ್ನು ನಡುವಿಗೆ ತಂದಿತು. 2010, 2011 ಎರಡೂ ವರ್ಷ ಆತ ಪ್ರೊ ಬೌಲ್‌ಗೆ, ಅಂದರೆ ಆ ವರ್ಷದ ಉತ್ತಮ ಆಟಗಾರರ ಪಂದ್ಯಕ್ಕೆ, ಆಯ್ಕೆಯಾದ. ನನಗಂತೂ ಆ ಎರಡು ವರ್ಷಗಳ ಆಟವೇ ಹೆಚ್ಚು ಇಷ್ಟ.