ಎಲ್ಲರೂ ಉಂಡ ಮೇಲೆ

ಆಕೆಯ ವಯಸ್ಸು 38. ಸಕಲೇಶಪುರದ ಕಡೆಯವರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹಾಸನಕ್ಕೆ, ಆಪ್ತ ಸಲಹೆಗಾರ್ತಿಯಾದ ನನ್ನ ಬಳಿಗೆ ಕರೆತಂದವರು ಯಜಮಾನರು. ‘ಸಣ್ಣದಕ್ಕೂ ರೇಗ್ತಾಳೆ, ಕೆಲಸ ಅರ್ಧಕ್ಕೆ ಬಿಟ್ಟು ಮಲಗ್ತಾಳೆ. ಮನಸ್ಸಿನ ಕಾಯಿಲೆ ಇರಬೇಕು ಮೇಡಮ್’ ಅಂದರು. ನನ್ನ ಕೋಣೆ ಮಹಡಿ ಮೇಲಿದೆ. ಮೆಟ್ಟಿಲು ಹತ್ತಿ ಬಂದ ಆಕೆಗೆ ಏದುಸಿರು ಇಳಿದು ಬಾಯಿ ಬಿಡಲು ಎರಡು ನಿಮಿಷ ಬೇಕಾಯಿತು. ನನ್ನ ಕಣ್ಣಿಗೆ ಬಿದ್ದಿದ್ದು ಅದು.

ಯಜಮಾನರನ್ನು ಹೊರಗೆ ಕೂರಿಸಿ, ನಿನ್ನೆ ಏನೇನು ತಿಂದಿರಿ ಅಂತ ಕೇಳಿದೆ. ಐದೂವರೆಗೆ ಕಾಫಿ. ಎಲ್ಲರಿಗೂ ಅಕ್ಕಿರೊಟ್ಟಿ ತಟ್ಟಿ ಮುಗಿಯುವಾಗ ಹತ್ತು ಗಂಟೆ. ಆಮೇಲೆ ಒಲೆ ಮುಂದೆ ನಿಂತೇ ಒಂದು ರೊಟ್ಟಿ, ಜೊತೆಗೆ ಮತ್ತೆ ಕಾಫಿ. ಮಧ್ಯಾಹ್ನ ಎಲ್ಲರೂ ಉಂಡೆದ್ದ ಮೇಲೆ ಅನ್ನ, ತಳದ ಸಾರು.

‘ಪಲ್ಯ?’

‘ಉಳಿದ್ರೆ.’

ದಿನಕ್ಕೆ ಆರು ಲೋಟ ಕಾಫಿ. ಮುಟ್ಟಿನಲ್ಲಿ ಏಳು ದಿನ ಸ್ರಾವ, ಅದೂ ಜಾಸ್ತಿ.

ಮನಸ್ಸಿನ ಮಾತು ಆಮೇಲೆ ಅಂತ ಮೊದಲು ಡಾಕ್ಟರ ಬಳಿ ಕಳಿಸಿದೆ. ಹಿಮೋಗ್ಲೋಬಿನ್ 8.4. ಹೆಂಗಸರಿಗೆ 12 ಆದರೂ ಇರಬೇಕು. ಹಿಂದೆಯೂ ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದರಂತೆ. ಕಾಫಿ ಜೊತೆ ನುಂಗಿದ್ದಾರೆ! ಮಲ ಕಪ್ಪಾಯಿತು ಅಂತ ಹೆದರಿ ನಿಲ್ಲಿಸಿದ್ದಾರೆ. ಈ ಮಾತ್ರೆಗೆ ಕಪ್ಪಾಗುವುದು ಸಹಜ ಅಂತ ಯಾರೂ ಹೇಳಿರಲಿಲ್ಲ.

ಕಾಫಿ ಬಿಡಿ ಅನ್ನಲಿಲ್ಲ. ನಮ್ಮ ಕಡೆ ಅದು ನಡೆಯುವ ಮಾತಲ್ಲ. ಊಟ, ಮಾತ್ರೆ ಎರಡಕ್ಕೂ ಕಾಫಿಗೂ ಒಂದು ಗಂಟೆಯಾದರೂ ಅಂತರ ಇರಲಿ ಅಂದೆ. ಜೊತೆಯಲ್ಲೇ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮಾತ್ರೆಗೆ ನಿಂಬೆ ಶರಬತ್ತು ಒಳ್ಳೆಯದು. ಹುರುಳಿ ಸಾರಿಗೆ, ಸೊಪ್ಪಿನ ಪಲ್ಯಕ್ಕೂ ನಿಂಬೆಹಣ್ಣು ಹಿಂಡಿಕೊಳ್ಳಿ. ಸ್ರಾವದ ವಿಷಯ ಹೆಂಗಸರ ಡಾಕ್ಟರಿಗೆ ತೋರಿಸಲೇಬೇಕು. ‘ವಾರಕ್ಕೊಂದ್ಸಲ ಕೋಳಿ ಮಾಡ್ತೀವಿ’ ಅಂದರು. ನಿಮ್ಮ ತಟ್ಟೆಗೆ ಎಷ್ಟು ತುಂಡು ಬರುತ್ತೆ ಅಂದೆ. ನಕ್ಕುಬಿಟ್ಟರು.

ಆಕೆಯ ಒಪ್ಪಿಗೆ ಪಡೆದು ಯಜಮಾನರನ್ನು ಒಳಗೆ ಕರೆದೆ. ನಿಜಕ್ಕೂ ಸಲಹೆ ಬೇಕಿದ್ದದ್ದು ಅವರಿಗೇ. ‘ನೀವೇ ಬಡಿಸಿಕೊಳ್ಳಿ, ಅವರೂ ನಿಮ್ಮ ಜೊತೆ ಊಟಕ್ಕೆ ಕೂರಲಿ’ ಅಂದೆ. ‘ನಮ್ಮಮ್ಮ ಒಪ್ಪಲ್ಲ’ ಅಂದರು. ಅಮ್ಮನಿಗೆ ರಿಪೋರ್ಟ್ ತೋರಿಸಿ ಅಂದೆ. ಸೊಸೆಯ ಮಾತಿಗೆ ಬಗ್ಗದ ಅತ್ತೆಯಂದಿರು ಡಾಕ್ಟರ ಚೀಟಿಗೆ ಬಗ್ಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಎರಡು ತಿಂಗಳಿಗೆ 10.6. ಈ ಸಲ ಮೆಟ್ಟಿಲು ಹತ್ತಿ ಬಂದವರೇ ಮಾತು ಶುರು ಮಾಡಿದರು. ರೇಗುವುದು ಕಮ್ಮಿಯಾಗಿದೆ. ರಾತ್ರಿ ಊಟಕ್ಕೆ ಮಾತ್ರ ಈಗಲೂ ಕೊನೆಗೇ ಕೂರುತ್ತಾರಂತೆ. ಮುಂದಿನ ಸಲ ಅತ್ತೆಯವರನ್ನೂ ಕರೆತರಲು ಹೇಳಿದ್ದೇನೆ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಇನ್ನು ಮೂರು ತಿಂಗಳು ಮಾತ್ರೆ ಬಿಡಬೇಡಿ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ.